ಪಿಕಪ್ ಮೇಲಿನ ಟೆಂಟ್: ಬಿಲ್ಲಿನಲ್ಲಿ ತೂಕವನ್ನೂ ಬರೆದುಕೊಡಿ

ಸಂಪಾದಕರಿಗೆ,

ಮಾನ್ಯರೇ,

ಶುಕ್ರವಾರ ಸಂಜೆ ತುಮಕೂರು ರಸ್ತೆ, ಕನಕಪುರ ರಸ್ತೆಗಳಲ್ಲಿ ಮಡಿಸಿದ ಟೆಂಟ್ ಹೊತ್ತ ಪಿಕಪ್‌ಗಳು ಈಗ ಆಗಾಗ ಕಣ್ಣಿಗೆ ಬೀಳುತ್ತವೆ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಗಾಡಿ ಇಟ್ಟುಕೊಂಡವರಿಗೆ ಮಲೆನಾಡಿನ ಯಾವುದೋ ಎಸ್ಟೇಟಿನ ಕಣದಲ್ಲಿ ಗಾಡಿ ನಿಲ್ಲಿಸಿ ಅದರ ಮೇಲೇ ಮಲಗುವ ಆಸೆ ಹುಟ್ಟುವುದು ಸಹಜ. ಆದರೆ ಅಂಗಡಿಗಳಲ್ಲಿ ಟೆಂಟ್ ಮಾರುವುದು ‘ಇಬ್ಬರದ್ದು, ಮೂವರದ್ದು’ ಎಂಬ ಲೆಕ್ಕದಲ್ಲಿ. ಗಾಡಿ ಎಷ್ಟು ಹೊರಬಲ್ಲದು ಎಂಬ ಮಾತೇ ಬರುವುದಿಲ್ಲ. ಟೆಂಟ್ ಕೂರಿಸುವ ಚೌಕಟ್ಟು, ಅಂದರೆ ರ್ಯಾಕ್ ಕಟ್ಟುವ ಕೆಲಸದಲ್ಲಿರುವ ನಾವು ಕೊಳ್ಳುವವರಿಗೆ ಹೇಳುವುದು ಇದು: ಮೊದಲು ತೂಕ ನೋಡಿ, ಆಮೇಲೆ ರ್ಯಾಕ್, ಟೆಂಟ್ ಆರಿಸುವುದು ಕೊನೆಗೆ.

ತೂಕದಲ್ಲಿ ಎರಡು ಬಗೆ. ಗಾಡಿ ಓಡುವಾಗ ಚಾವಣಿ ತಡೆಯುವುದು ಡೈನಮಿಕ್ ಲೋಡ್, ನಿಂತಾಗ ತಡೆಯುವುದು ಸ್ಟ್ಯಾಟಿಕ್ ಲೋಡ್. ಗಾಡಿಯ ಕೈಪಿಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಮೊದಲನೆಯದು. ಬಹಳಷ್ಟು ಗಾಡಿಗಳಲ್ಲಿ ಅದು 75 ಕೆ.ಜಿ. ಆಸುಪಾಸು, ಕೆಲವದರಲ್ಲಿ ಇನ್ನೂ ಕಡಿಮೆ, ಅದರೊಳಗೆ ರ್ಯಾಕಿನ ತೂಕವೂ ಸೇರಬೇಕು. ಬಟ್ಟೆ ಹೊದಿಕೆಯ ಟೆಂಟ್ ಸುಮಾರು 45ರಿಂದ 70 ಕೆ.ಜಿ. ತೂಗುತ್ತದೆ, ಗಟ್ಟಿ ಚಿಪ್ಪಿನದು 55ರಿಂದ 90. ಟೆಂಟ್ 60, ರ್ಯಾಕ್ 25, ಒಳಗೇ ಮಡಿಸಿಟ್ಟ ಹೊದಿಕೆ ದಿಂಬು 5 ಎಂದರೂ 90 ಆಯಿತು. ಕ್ಯಾಬಿನ್ ಚಾವಣಿಯ ಮಿತಿ ಅಲ್ಲಿಗೇ ದಾಟಿತು. ಗುಂಡಿ ಬಿದ್ದ ಕಚ್ಚಾ ರಸ್ತೆಯಾದರೆ ಮಿತಿಯ ಮೂರರಲ್ಲಿ ಎರಡು ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು, ಅಂದರೆ 75ರ ಜಾಗದಲ್ಲಿ 50. ಇಬ್ಬರು ಮಲಗಿದಾಗ ಒಟ್ಟು 230 ಕೆ.ಜಿ. ಆಗುತ್ತದಲ್ಲ ಎಂದು ಹೆದರುವವರಿದ್ದಾರೆ. ನಿಂತ ಗಾಡಿಗೆ ಕುಲುಕಾಟವಿಲ್ಲ, ಜತೆಗೆ ಒಂದಷ್ಟು ಭಾರವನ್ನು ಏಣಿ ನೆಲಕ್ಕೆ ದಾಟಿಸುತ್ತದೆ. ಚಾವಣಿ ಕೆಡುವುದು ಮಲಗಿದಾಗಲ್ಲ, ಶಿರಾಡಿ ಘಾಟಿಯ ತಿರುವಿನಲ್ಲಿ.

ಹಾಗಾಗಿ ಪಿಕಪ್‌ನಲ್ಲಿ ಟೆಂಟಿಗೆ ಸರಿಯಾದ ಜಾಗ ಕ್ಯಾಬಿನ್ ಮೇಲಲ್ಲ, ಹಿಂದಿನ ತೊಟ್ಟಿಯ ಮೇಲೆ ಕಟ್ಟಿದ ರ್ಯಾಕ್. ಇಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿ ಇದೆ. ಪಿಕಪ್‌ನಲ್ಲಿ ಕ್ಯಾಬಿನ್ ಬೇರೆ, ತೊಟ್ಟಿ ಬೇರೆ. ಎರಡೂ ಚಾಸಿಯ (ಗಾಡಿಯ ತಳದ ಉಕ್ಕಿನ ಚೌಕಟ್ಟು) ಮೇಲೆ ಪ್ರತ್ಯೇಕವಾಗಿ ಕೂತಿರುತ್ತವೆ. ಒಂದು ಚಕ್ರ ಹಳ್ಳಕ್ಕಿಳಿದಾಗ ಚಾಸಿ ತಿರುಚಿಕೊಳ್ಳುತ್ತದೆ, ನಡುವಿನ ಸಂದು ಹಿಗ್ಗಿ ಕುಗ್ಗುತ್ತದೆ. ರ್ಯಾಕಿನ ಮುಂಗಾಲನ್ನು ಕ್ಯಾಬಿನ್‌ಗೂ ಹಿಂಗಾಲನ್ನು ತೊಟ್ಟಿಗೂ ಬಿಗಿದರೆ ಆ ತಿರುಚಾಟವೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ. ಮೊದಲು ಬೋಲ್ಟು ತುಂಡಾಗುತ್ತದೆ, ಇಲ್ಲವೇ ಚಾವಣಿಯ ತಗಡು ಹರಿದು ನೀರು ಸೋರುತ್ತದೆ. ರ್ಯಾಕ್ ಪೂರ್ತಿಯಾಗಿ ತೊಟ್ಟಿಗೇ ಸೇರಿರಲಿ. ಟೆಂಟ್ ಕ್ಯಾಬಿನ್ ಮೇಲೆ ಚಾಚಿದ್ದರೆ ಕೆಳಗೆ ಕನಿಷ್ಠ 5 ಸೆಂ.ಮೀ. ಖಾಲಿ ಇರಬೇಕು. ತೊಟ್ಟಿಯ ಮೇಲೆ ಫೈಬರ್ ಕ್ಯಾನಪಿ (ಗೂಡಿನಂಥ ಮುಚ್ಚಳ) ಹಾಕಿಸಿದವರು ಅದರ ತಯಾರಕರು ಬರವಣಿಗೆಯಲ್ಲಿ ಮಿತಿ ಕೊಡದ ಹೊರತು ಅದರ ಮೇಲೆ ಟೆಂಟ್ ಇಡಬಾರದು.

ಅಳತೆಯೂ ಇಲ್ಲೇ ತೀರ್ಮಾನವಾಗುತ್ತದೆ. ನಾಲ್ಕು ಬಾಗಿಲಿನ ಪಿಕಪ್‌ಗಳ ತೊಟ್ಟಿ ಸುಮಾರು ಒಂದೂವರೆ ಮೀಟರ್ ಉದ್ದ. ಮಡಿಸಿದ ಬಟ್ಟೆ ಟೆಂಟ್ ಸುಮಾರು 120 ಸೆಂ.ಮೀ. ಇರುವುದರಿಂದ ಕ್ಯಾಬಿನ್ ಎತ್ತರಕ್ಕಿಂತ ಕೆಳಗಿನ ರ್ಯಾಕ್ ಮೇಲೆ ಸಲೀಸಾಗಿ ಕೂರುತ್ತದೆ. ಗಾಳಿಯ ತಡೆ ಕಡಿಮೆ, ಏಣಿ ಗಿಡ್ಡ, ತಿರುವಿನಲ್ಲಿ ಓಲಾಟವೂ ಕಡಿಮೆ. ಗಟ್ಟಿ ಚಿಪ್ಪಿನದು ಮಡಿಸಿದಾಗಲೂ 210 ಸೆಂ.ಮೀ. ಉದ್ದವೇ. ಅದನ್ನು ಕ್ಯಾಬಿನ್ ಮೇಲೆ ಹಾಯುವಷ್ಟು ಎತ್ತರಿಸಬೇಕು. ಎರಡೇ ನಿಮಿಷದಲ್ಲಿ ತೆರೆದುಕೊಳ್ಳುವ ಅನುಕೂಲಕ್ಕೆ ತೆರುವ ಬೆಲೆ ಆ ಎತ್ತರ. ಪಿಕಪ್‌ಗೆ ನಮ್ಮ ಆಯ್ಕೆ ಬಟ್ಟೆ ಟೆಂಟು, ತಗ್ಗಿನ ರ್ಯಾಕು.

ಪೀಣ್ಯದಲ್ಲಿ ರ್ಯಾಕ್ ಮಾಡಿಸುವವರು ‘ಗಟ್ಟಿ ಇರಲಿ, ಮೂರು ಎಂ.ಎಂ. ಹಾಕಿ’ ಎನ್ನುತ್ತಾರೆ. 40×40 ಮಿ.ಮೀ. ಕಬ್ಬಿಣದ ಚೌಕ ಪೈಪು 2 ಮಿ.ಮೀ. ದಪ್ಪದ್ದಾದರೆ ಮೀಟರಿಗೆ ಸುಮಾರು 2.4 ಕೆ.ಜಿ., 3 ಮಿ.ಮೀ. ಆದರೆ 3.5. ಹನ್ನೆರಡು ಮೀಟರ್ ಪೈಪಿನ ರ್ಯಾಕಿಗೆ 29ರ ಜಾಗದಲ್ಲಿ 42 ಕೆ.ಜಿ. ಆಯಿತು, ಅದೂ ಎತ್ತರದಲ್ಲಿ. ರ್ಯಾಕ್ ಸೋಲುವುದು ಪೈಪಿನ ನಡುವೆ ಅಲ್ಲ, ಮೂಲೆಯ ವೆಲ್ಡಿಂಗ್ ಅಂಚಿನಲ್ಲಿ. 2 ಮಿ.ಮೀ. ಪೈಪಿಗೆ ಪ್ರತಿ ಮೂಲೆಯಲ್ಲೂ ತ್ರಿಕೋನದ ಗಸೆಟ್ ಪ್ಲೇಟು, ಪಕ್ಕಗಳಲ್ಲಿ ಒಂದೊಂದು ಓರೆ ಪಟ್ಟಿ ಕೊಟ್ಟರೆ ದಪ್ಪ ಪೈಪಿಗಿಂತ ಹೆಚ್ಚು ಬಾಳುತ್ತದೆ. ತೊಟ್ಟಿಯ ಅಂಚು ತೆಳು ತಗಡು. ಬೋಲ್ಟ್ ಹಾಕುವಲ್ಲಿ ಅಡಿಯಿಂದ 5 ಮಿ.ಮೀ. ಪ್ಲೇಟ್ ಕೊಡದಿದ್ದರೆ ತೂತು ಕ್ರಮೇಣ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಕೊರೆದ ತೂತಿಗೆ ಅಂದೇ ಪ್ರೈಮರ್ ಹಚ್ಚಿಸಿ. ಪೈಪಿನ ತಳದಲ್ಲಿ 6 ಮಿ.ಮೀ. ತೂತೊಂದು ಬಿಡಿಸಿ, ಒಳಗೆ ನಿಂತ ನೀರು ಪೈಪನ್ನು ಒಳಗಿನಿಂದಲೇ ತುಕ್ಕು ಹಿಡಿಸಿ ತಿನ್ನುತ್ತದೆ.

ಟೆಂಟಿನ ಅಡಿಯ ಅಲ್ಯೂಮಿನಿಯಂ ಚಾನಲ್‌ಗೆ ಸಾಮಾನ್ಯವಾಗಿ ಎಂ-8 ಬೋಲ್ಟು, 13 ನಂಬರ್ ಸ್ಪ್ಯಾನರ್. ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಮಾತ್ರ ಬಳಸಿ, ಒಮ್ಮೆ ಬಿಚ್ಚಿದ ಮೇಲೆ ಹೊಸದು ಹಾಕಿ. ರ್ಯಾಕಿನ ಅಡ್ಡಪಟ್ಟಿಗಳ ನಡುವೆ ಕನಿಷ್ಠ 80 ಸೆಂ.ಮೀ. ಅಂತರ ಬೇಕು. ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಪೇಂಟಿನ ಗೆರೆ ಎಳೆದಿಟ್ಟರೆ ಸಡಿಲವಾದದ್ದು ದೂರದಿಂದಲೇ ತಿಳಿಯುತ್ತದೆ. ಮೊದಲ 50 ಕಿ.ಮೀ.ಗೆ ನಿಲ್ಲಿಸಿ ಮತ್ತೆ ಬಿಗಿಯಬೇಕು, ಹೊಸ ಕೀಲುಗಳು ಕುಲುಕಿ ಕೂತಾದ ಮೇಲೆ ಸಡಿಲವಾಗಿಯೇ ಇರುತ್ತವೆ.

ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಗಾಡಿಯ ಬಾಡಿಗಾಗಲಿ ಚಾಸಿಗಾಗಲಿ ವೆಲ್ಡಿಂಗ್ ಬೇಡವೇ ಬೇಡ. ಬಿಚ್ಚಿ ತೆಗೆಯಬಹುದಾದ ರ್ಯಾಕನ್ನೇ ಮಾಡಿಸಿ. ಅದು ಗಾಡಿಯ ಅಗಲ ಮೀರದಿರಲಿ, ಹಿಂದಿನ ದೀಪ, ನಂಬರ್ ಪ್ಲೇಟ್ ಮುಚ್ಚದಿರಲಿ. ಕೆಲಸಕ್ಕೆ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ.

ಗಾಡಿಯ ಎತ್ತರ 1.8 ಮೀಟರ್ ದಾಟಿರುತ್ತದೆ. ಕ್ಯಾಬಿನ್ ಮೇಲಿನ ಮಟ್ಟದ ರ್ಯಾಕು, 30 ಸೆಂ.ಮೀ. ಟೆಂಟು ಸೇರಿದರೆ 2.2 ಮೀಟರಿನ ಮೇಲೆ. ಮಾಲ್‌ಗಳ ನೆಲಮಾಳಿಗೆಗೆ ಇಳಿಯುವ ಮುನ್ನ ಅಲ್ಲಿನ ಫಲಕ ನೋಡಲೇಬೇಕು. ಅಳೆದ ಸಂಖ್ಯೆಯನ್ನು ಸ್ಟಿಯರಿಂಗ್ ಎದುರು ಅಂಟಿಸಿಡಿ, ಗಾಡಿ ಓಡಿಸುವವರು ಬದಲಾದಾಗ ಅದೇ ಕಾಯುತ್ತದೆ.

ಬಟ್ಟೆಯಲ್ಲಿ ಪಾಲಿಕಾಟನ್ (ಹತ್ತಿ, ಪಾಲಿಯೆಸ್ಟರ್ ಬೆರೆತದ್ದು) ಉಸಿರಾಡುತ್ತದೆ, ಆದರೆ ಭಾರ, ಒಣಗುವುದು ನಿಧಾನ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ರಾತ್ರಿಯ ಉಸಿರಿನ ತೇವ ಒಳಗೇ ಹನಿಗಟ್ಟುತ್ತದೆ. ಆ ಹನಿ ಕಂಡು ಟೆಂಟ್ ಸೋರುತ್ತಿದೆ ಎಂದು ಅಂಗಡಿಗೆ ಹಿಂದಿರುಗಿಸಲು ಬರುವವರಿದ್ದಾರೆ. ಮಳೆಯಲ್ಲೂ ಎದುರುಬದುರಿನ ಕಿಟಕಿಗಳನ್ನು ಗೇಣಗಲ ತೆರೆದಿಡುವುದೇ ಇದಕ್ಕೆ ಮದ್ದು. ಹಾಸಿಗೆಯ ಅಡಿಗೆ ಗಾಳಿಯಾಡುವ ಜಾಲರಿ ಚಾಪೆಯೂ ಬೇಕು. ಹೊಸ ಪಾಲಿಕಾಟನ್ ಟೆಂಟನ್ನು ಬಳಸುವ ಮುನ್ನ ಒಂದೆರಡು ಸಲ ಪೂರ್ತಿ ನೆನೆಸಿ ಒಣಗಿಸಿದರೆ ನೂಲು ಉಬ್ಬಿ ಹೊಲಿಗೆಯ ಸೂಜಿತೂತುಗಳು ಮುಚ್ಚಿಕೊಳ್ಳುತ್ತವೆ.

ಟೆಂಟ್ ತೆರೆಯುವ ಮುನ್ನ ನೆಲ ಮಟ್ಟಸವೇ ನೋಡಿ. ಚಕ್ರದಡಿ ಹಲಗೆ ಕೊಟ್ಟು ಸರಿಪಡಿಸಿ, ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬೆಲ್ಟ್ ಬಿಚ್ಚಿ, ಏಣಿ ಉದ್ದಮಾಡಿ ಕೀಲಿ ಬಿದ್ದಿದೆಯೇ ನೋಡಿಕೊಂಡು, ಅದನ್ನೇ ಹಿಡಿದು ಟೆಂಟನ್ನು ಬಿಚ್ಚಬೇಕು. ಏಣಿ ಸುಮಾರು 75 ಡಿಗ್ರಿ ಓರೆಗೆ ನಿಲ್ಲಬೇಕು. ಟೆಂಟಿನ ಹೊರಚಾಚಿದ ಅರ್ಧಕ್ಕೆ ಏಣಿಯೇ ಕಂಬ, ಅದು ನೆಲಕ್ಕೆ ಊರುವ ಮುನ್ನ ಯಾರೂ ಹತ್ತಬಾರದು. ಮಳೆಗೆ ನೆನೆದ ಕೆಮ್ಮಣ್ಣಿನಲ್ಲಿ ಏಣಿಯ ಕಾಲು ರಾತ್ರಿಯಿಡೀ ಇಳಿಯುತ್ತಾ ಹೋಗಿ ನಡುವಿನ ಹಿಂಜ್ ಬಾಗುತ್ತದೆ, ಅಡಿಗೆ ಹಲಗೆಯ ತುಂಡು ಇಡಿ.

ತೆಂಗು, ಒಣ ರೆಂಬೆಯ ಸಿಲ್ವರ್ ಓಕ್ ಕೆಳಗೆ ನಿಲ್ಲಿಸಬೇಡಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಟೆಂಟಿನಿಂದ ಇಳಿದು ಕ್ಯಾಬಿನ್ ಒಳಗೆ ಕೂತು ಬಾಗಿಲು ಹಾಕಿಕೊಳ್ಳಬೇಕು, ಬಟ್ಟೆ ಸಿಡಿಲು ತಡೆಯದು. ಚಳಿಯೆಂದು ಒಳಗೆ ಅಗ್ಗಿಷ್ಟಿಕೆ, ಗ್ಯಾಸ್ ಸ್ಟೌ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ. ಎತ್ತರದಲ್ಲಿ ಮಲಗಿದರೆ ಆನೆಯ ಭಯವಿಲ್ಲ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಟೆಂಟಿನ ನೆಲ ಎರಡು ಮೀಟರ್ ಒಳಗೇ, ಬೆಳೆದ ಆನೆಯ ಭುಜ ಅದಕ್ಕಿಂತ ಮೇಲೆ. ಸಕಲೇಶಪುರ, ಆಲೂರು, ಕೊಡಗಿನ ಎಸ್ಟೇಟುಗಳಲ್ಲಿ ತೋಟದ ಮಾಲೀಕರು ತೋರಿಸಿದ ಜಾಗದಲ್ಲೇ ನಿಲ್ಲಿಸಿ, ಹಲಸು, ಬಾಳೆ, ಬೆಲ್ಲ, ಉಪ್ಪನ್ನು ತೊಟ್ಟಿಯಲ್ಲಿ ಇಡಬೇಡಿ. ಅರಣ್ಯದೊಳಗೆ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ.

ಬೆಂಗಳೂರಿನವರ ದೊಡ್ಡ ತೊಡಕು ಊರಿಗೆ ಮರಳಿದ ಮೇಲಿನದು. ಭಾನುವಾರ ಒದ್ದೆ ಟೆಂಟ್ ಮಡಿಸಿ ತಂದು ನೆಲಮಾಳಿಗೆಯಲ್ಲಿ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಆ ಕಪ್ಪು ಚುಕ್ಕೆ ಪೂರ್ತಿ ಹೋಗುವುದಿಲ್ಲ. ಬಟ್ಟೆ ಸೋಪು, ಬ್ಲೀಚು ಹಾಕಿದರೆ ನೀರು ತಡೆಯುವ ಲೇಪವೇ ಹೋದೀತು. ನೀರು ಬೆರೆಸಿದ ವಿನಿಗರ್‌ನಿಂದ ಮೆಲ್ಲಗೆ ಒರೆಸಿ ನೆರಳಲ್ಲಿ ಆರಿಸಬೇಕು. ಮರುದಿನವೇ ತೆರೆದು ಒಣಗಿಸುವುದೇ ಸರಿ, ಅದಕ್ಕೆ ತೆರೆದ ಆಕಾಶ ಬೇಕು.

ಆದ್ದರಿಂದ ಎರಡು ಕೋರಿಕೆ. ಟೆಂಟ್ ಮಾರುವವರು ಬಿಲ್ಲಿನಲ್ಲೇ ಟೆಂಟಿನ ತೂಕ, ರ್ಯಾಕಿನ ತೂಕ, ಮಡಿಸಿದಾಗಿನ ಅಳತೆ ಬರೆದುಕೊಡಲಿ, ಕೊಳ್ಳುವವರ ಗಾಡಿಯ ಮಿತಿಯನ್ನು ಕೇಳಿ ಅದರ ಪಕ್ಕದಲ್ಲೇ ಬರೆಯಲಿ. ಅಪಾರ್ಟ್‌ಮೆಂಟ್ ಸಂಘಗಳು ಸೋಮವಾರ ಬೆಳಗ್ಗೆ ಮೂರ್ನಾಲ್ಕು ಗಂಟೆ, ಅತಿಥಿಗಳ ಗಾಡಿಗೆಂದು ಬಿಟ್ಟ ಬಯಲು ಜಾಗದಲ್ಲಿ ಟೆಂಟ್ ಒಣಗಿಸಲು ಅವಕಾಶ ಕೊಡಲಿ. ತೆರೆದಾಗ ಅದಕ್ಕೆ ಗಾಡಿಯ ಪಕ್ಕದಲ್ಲಿ ಇನ್ನೊಂದು ಕಾರಿನ ಜಾಗ ಸಾಕು.

– ರ್ಯಾಕ್ ಫ್ಯಾಬ್ರಿಕೇಷನ್ ಕೆಲಸಗಾರರು, ಪೀಣ್ಯ, ಬೆಂಗಳೂರು