ಅರ್ಧ ಗವಂತಿ

ದೆಸ್ಸೌ, ಜರ್ಮನಿ

ಅವ್ವನಿಗೆ ನಮಸ್ಕಾರ.

ನಾನು ಆರಾಮ ಇದ್ದೇನೆ. ಚಳಿ ಜಾಸ್ತಿಯಾಗಿದೆ, ನೀನು ಕಟ್ಟಿಕೊಟ್ಟ ಶೇಂಗಾ ಚಟ್ನಿ ಮುಗಿದಿದೆ. ಇವೆರಡು ಬಿಟ್ಟರೆ ದೂರು ಇಲ್ಲ.

ಮೊದಲ ಹೋಮ್‌ವರ್ಕಿಗೇ ಡಿಸೈನ್ ಕ್ಲಾಸಿನಲ್ಲಿ ಬೈಸಿಕೊಂಡೆ. ಒಂದು ಹಾಳೆ, ಬರೀ ಕಪ್ಪು ಗೆರೆ, ಅದರಲ್ಲಿ ಲಯ ಕಾಣಬೇಕು. ನಾನು ಒಂದಿಂಚೂ ಬಿಡದೆ ತುಂಬಿಸಿದೆ. ಮೇಡಂ ನೋಡಿ, "ಕಣ್ಣು ಕೂತುಕೊಳ್ಳಲು ಜಾಗ ಎಲ್ಲಿದೆ?" ಅಂದರು. ನನಗೆ ನಗು ಬಂತು. ಎಂಟನೇ ಕ್ಲಾಸಿನಲ್ಲಿ ನಾನು ಕಸೂತಿ ತೇರಿನ ಸುತ್ತ ನಕ್ಷತ್ರ ತುಂಬಿದ್ದೆ. ನೀನು ಮಾತೇ ಆಡದೆ ಅಷ್ಟನ್ನೂ ಬಿಚ್ಚಿ ಹಾಕಿದ್ದೆ, ನೆನಪಿದೆಯಾ? ಆವತ್ತು ನಾನು ಎಷ್ಟು ಅತ್ತಿದ್ದೆ!

ಗೆರೆ, ಆಕಾರ, ಬಣ್ಣ, ಮೈಯ ನುಣುಪು ಒರಟು, ಖಾಲಿ ಜಾಗ, ಇವು ಕಲೆಯ ಮೂಲಾಂಶಗಳಂತೆ. ಸಮತೋಲ, ಲಯ, ಒಂದರ ಪಕ್ಕ ಇನ್ನೊಂದು ಎದ್ದು ಕಾಣುವುದು, ಇವು ವಿನ್ಯಾಸದ ತತ್ವಗಳು. ನಾನು ನೆನಪಿಟ್ಟುಕೊಂಡದ್ದು ಬೇರೆ ಥರ. ಹಿಟ್ಟು, ನೀರು, ಬೆಂಕಿ ಮೂಲಾಂಶ. ರೊಟ್ಟಿ ಬಡಿಯುವ ಕೈಹದ ತತ್ವ.

ಇಲ್ಲಿದ್ದ ಬೌಹೌಸ್ ಅನ್ನುವ ಕಲೆ, ವಿನ್ಯಾಸದ ಶಾಲೆಯ ಬಗ್ಗೆ ಫೋನಿನಲ್ಲಿ ಹೇಳಿದ್ದೆನಲ್ಲ. 1919ರಲ್ಲಿ ವೈಮಾರ್‌ನಲ್ಲಿ ಶುರುವಾಗಿ 1925ರಲ್ಲಿ ಈ ಊರಿಗೆ ಬಂತು. ಆ ಶಾಲೆಯಲ್ಲಿ ಕಲಿಸುತ್ತಿದ್ದ ಚಿತ್ರಕಾರ ಕಾಂಡಿನ್ಸ್ಕಿ 1923ರಲ್ಲಿ ಎಲ್ಲರಿಗೂ ಒಂದು ಪ್ರಶ್ನೆಪತ್ರಿಕೆ ಹಂಚಿದ್ದರು: ತ್ರಿಕೋನ, ಚೌಕ, ವೃತ್ತಕ್ಕೆ ಯಾವ ಯಾವ ಬಣ್ಣ? ಅವರ ಪ್ರಕಾರ ತ್ರಿಕೋನ ಹಳದಿ, ಚೌಕ ಕೆಂಪು, ವೃತ್ತ ನೀಲಿ. ನನಗಂತೂ ಒಪ್ಪಿಗೆಯಿಲ್ಲ. ನಿನ್ನ ಹಣೆ ನೋಡಿ ಬೆಳೆದವಳಿಗೆ ವೃತ್ತ ಕೆಂಪೇ ಅಲ್ವಾ?

ಆ ಶಾಲೆಗೆ ಬಂದ ಹುಡುಗಿಯರಲ್ಲಿ ಹೆಚ್ಚಿನವರನ್ನು ನೇಯ್ಗೆ ವಿಭಾಗಕ್ಕೇ ತಳ್ಳುತ್ತಿದ್ದರಂತೆ. ಸಿಟ್ಟು ಬಂತು. ಆದರೆ ಅವರು ನೇಯ್ದದ್ದನ್ನು ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಗುಂಟಾ ಸ್ಟೋಲ್ಜ್ಲ್ ಅನ್ನುವವರು 1927ರಿಂದ 1931ರವರೆಗೆ ಆ ವಿಭಾಗ ನಡೆಸಿದರು. ಮಗ್ಗದಲ್ಲಿ ಹಾಸು ಹೊಕ್ಕಿನ ಲೆಕ್ಕ ಬಿಟ್ಟು ಗೆರೆ ಓಡುವುದಿಲ್ಲ. ನಿನ್ನ ಕಸೂತಿಯದೂ ಅದೇ ಕಥೆ. ಬಟ್ಟೆಯ ಮೇಲೆ ಪೆನ್ಸಿಲ್ ಗುರುತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಅದಕ್ಕೇ ನಿನ್ನ ಆನೆಯ ಬೆನ್ನು ಮೆಟ್ಟಿಲು ಮೆಟ್ಟಿಲಾಗಿರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳು ಗೆರೆಯ ಬಗ್ಗೆ ನಾನು ಕ್ಲಾಸಿನಲ್ಲಿ ಮಾತಾಡಬೇಕು. ನಮ್ಮ ಕಸೂತಿಯ ಗವಂತಿ ಹೊಲಿಗೆ ತೋರಿಸೋಣ ಅಂತಿದ್ದೇನೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು, ಗಂಟಿಲ್ಲದೆ ಎರಡೂ ಕಡೆ ಒಂದೇ ಥರ ಕಾಣುವುದು, ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕಾಕಾನ ಮಗ ಬರುವಾಗ ಅವನ ಕೈಯಲ್ಲಿ ಎರಡು ತುಂಡು ಕಳಿಸು. ಕಪ್ಪು ಬಟ್ಟೆ, ಬಿಳಿ ದಾರ. ಒಂದರಲ್ಲಿ ಗೋಪುರ ಪೂರ್ತಿ ಇರಲಿ. ಇನ್ನೊಂದರಲ್ಲಿ ಹೋಗುವ ಹೊಲಿಗೆ ಮಾತ್ರ ಹಾಕು. ಅರ್ಧಕ್ಕೆ ಬಿಡಲು ನಿನಗೆ ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಸುಮ್ನೆ ಬಿಡು. ವಾಪಸು ಬರುವ ಹೊಲಿಗೆ ನಾನೇ ಎಲ್ಲರ ಮುಂದೆ ಹಾಕುತ್ತೇನೆ.

ಸೂಜಿಯನ್ನೂ ಅದರಲ್ಲೇ ಚುಚ್ಚಿ ಕಳಿಸು. ಚಟ್ನಿ ಮರೆಯಬೇಡ.

ನಿನ್ನ ಮಗಳು