ಬೆಗ್ ಟು ಡಿಫರ್ ಅಂದ ಮೇಲೆ ಏನು?

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದ,

ನೀನು ಕಳಿಸಿದ ಮೇಲ್ ಎರಡು ಸಲ ಓದಿದೆ. ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಡಿಫರ್’ ಅಂತ ಶುರು ಮಾಡಿದ್ದೀಯ, ಅಂದರೆ ಗೌರವ ಇಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯ ಹೇಳುತ್ತೇನೆ ಅಂತ. ಇಷ್ಟು ಮರ್ಯಾದೆಯಿಂದ ಬರೆದರೂ ನಿಮ್ಮ ಮೇಲಿನವರು ಮುಖ ಊದಿಸಿಕೊಂಡಿದ್ದಾರೆ, ಇದರಲ್ಲಿ ನನ್ನ ತಪ್ಪೇನು ಮಾವ ಅಂತ ಕೇಳಿದ್ದೀಯ. ತಪ್ಪು ಅನ್ನುವಂಥದ್ದೇನೂ ಇಲ್ಲ. ಆದರೆ ಆ ಎರಡು ಮಾತುಗಳು ನೀನು ಅಂದುಕೊಂಡಷ್ಟು ಮೆತ್ತಗಿಲ್ಲ.

ಮೊದಲು ಬೆಗ್ ವಿಷಯ. ಅಲ್ಲಿ ಯಾರೂ ಏನನ್ನೂ ಬೇಡುತ್ತಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಐ ಬೆಗ್ ಲೀವ್ ಟು’ ಅಂತ ಒಂದು ರೂಢಿ ಇತ್ತು. ಲೀವ್ ಅಂದರೆ ಇಲ್ಲಿ ರಜೆ ಅಲ್ಲ, ಅಪ್ಪಣೆ. ‘ಅಪ್ಪಣೆಯಾದರೆ ಹೇಳುತ್ತೇನೆ’ ಅಂದ ಹಾಗೆ. ಬೆಗ್ ಟು ಡಿಫರ್ ಕೂಡ ಅದೇ ವಂಶದ್ದು. ಬರಬರುತ್ತಾ ಅಪ್ಪಣೆ ಕೇಳುವ ಭಾವ ಸವೆದುಹೋಯಿತು, ಬಿಗಿ ಮಾತ್ರ ಉಳಿಯಿತು. ಈಗ ಆ ಮಾತು ಕೇಳುವವರ ಕಿವಿಗೆ ‘ನಾನು ಒಪ್ಪಲ್ಲ, ಸುಲಭಕ್ಕೆ ಬಿಡೋದೂ ಇಲ್ಲ’ ಅಂತ ಬೀಳುತ್ತದೆ. ಅಂದಹಾಗೆ, ಅದನ್ನು ‘ಐ ಯಾಮ್ ಬೆಗ್ಗಿಂಗ್ ಟು ಡಿಫರ್’ ಅಂತ ಎಳೆಯಬೇಡ. ಆಗ ನಿಜಕ್ಕೂ ಕೈಚಾಚಿ ನಿಂತ ಹಾಗಾಗುತ್ತದೆ.

ಇನ್ನು ಡ್ಯೂ ರೆಸ್ಪೆಕ್ಟ್. ಡ್ಯೂ ಅಂದರೆ ಸಲ್ಲಬೇಕಾದಷ್ಟು. ಎಷ್ಟು ಸಲ್ಲಬೇಕು ಅಂತ ಮಾತ್ರ ಅದು ಬಾಯಿ ಬಿಡುವುದಿಲ್ಲ! ನಮಗೆ ಇದು ಹೊಳೆಯದೆ ಇರುವುದಕ್ಕೆ ಕಾರಣ ಇದೆ. ಶಾಲೆಯಲ್ಲಿ ರಜೆ ಅರ್ಜಿ ಬರೆಸುವಾಗ ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಅಂತಲೇ ಕಲಿಸಿದ್ದರು. ಜ್ವರ ಬಂದಿದೆ ಅನ್ನುವುದಕ್ಕೆ ಅಷ್ಟು ಪೀಠಿಕೆ. ಅಲ್ಲಿ ವಾದ ಇಲ್ಲ, ಹಾಗಾಗಿ ಅದು ಬರೀ ನಮಸ್ಕಾರ. ಅದನ್ನೇ ವಾದದ ನಡುವೆ ಅಂದರೆ ಕೇಳುವವರು ಏಟು ಬೀಳುತ್ತದೆ ಅಂತ ಮೈ ಗಟ್ಟಿ ಮಾಡಿಕೊಳ್ಳುತ್ತಾರೆ. ‘ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ’ ಅಂತ ನಿನಗೆ ಯಾರಾದರೂ ಅಂದರೆ, ಅವರು ಮಾತು ಶುರು ಮಾಡುವ ಮೊದಲೇ ನಿನಗೆ ಅರ್ಧ ಬೇಜಾರಾಗಿರುತ್ತದೆ, ಅಲ್ವಾ?

ಈ ಮಾತುಗಳನ್ನು ತೂಗಿ ಬಳಸುವವರು ಕೋರ್ಟಿನವರು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಬಹುಮತದ ತೀರ್ಪನ್ನು ಒಪ್ಪದ ನ್ಯಾಯಮೂರ್ತಿಗಳು ‘ಐ ರೆಸ್ಪೆಕ್ಟ್‌ಫುಲಿ ಡಿಸೆಂಟ್’, ಅಂದರೆ ಗೌರವದಿಂದಲೇ ಒಪ್ಪುತ್ತಿಲ್ಲ, ಅಂತ ಮುಗಿಸುವುದು ವಾಡಿಕೆ. 2000ರ ಅಧ್ಯಕ್ಷ ಚುನಾವಣೆಯ ಬುಷ್ ವಿರುದ್ಧ ಗೋರ್ ಕೇಸಿನಲ್ಲಿ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಕೊನೆಯಲ್ಲಿ ‘ಐ ಡಿಸೆಂಟ್’ ಅಂತಷ್ಟೇ ಬರೆದು ನಿಲ್ಲಿಸಿದರು. ಬಿಟ್ಟಿದ್ದು ಒಂದೇ ಪದ. ಅವರ ಸಿಟ್ಟು ಎಷ್ಟಿತ್ತು ಅಂತ ಜನ ಅದರಿಂದಲೇ ಅಳೆದರು. ಅಂಥ ಕಡೆ ಒಂದೊಂದು ಪದಕ್ಕೂ ಬೆಲೆ. ನಿನ್ನದು ದಿನಾ ಮುಖ ನೋಡುವವರಿಗೆ ಬರೆದ ಮೇಲ್. ಅಲ್ಲಿ ಕೋರ್ಟಿನ ಕರಿ ಕೋಟು ಹಾಕಿಕೊಂಡು ಹೋದರೆ ಎದುರಿನವರಿಗೆ ತಾವು ಕಟಕಟೆಯಲ್ಲಿ ನಿಂತ ಹಾಗೆ ಅನ್ನಿಸದೆ ಇರುತ್ತಾ?

ನನ್ನ ಕಥೆ ಕೇಳು. ಕೆಲಸಕ್ಕೆ ಸೇರಿದ ಹೊಸದು. ಬೆಗ್ ಟು ಡಿಫರ್ ಆಗಷ್ಟೇ ಕಲಿತಿದ್ದೆ, ಯಾವಾಗ ಬಳಸಲಿ ಅಂತ ಕಾಯುತ್ತಿದ್ದೆ. ಒಂದು ಮೀಟಿಂಗಿನಲ್ಲಿ ಹಿರಿಯರು ಏನೋ ಹೇಳಿದರು. ಎದ್ದು ನಿಂತು ‘ಸರ್, ಐ ಬೆಗ್ ಟು ಡಿಫರ್’ ಅಂದೆ. ಎಲ್ಲರೂ ತಿರುಗಿ ನೋಡಿದರು. ಅವರು ಪೆನ್ನು ಕೆಳಗಿಟ್ಟು, ಬಹಳ ಶಾಂತವಾಗಿ, ‘ಸರಿ, ಯಾವುದರಲ್ಲಿ?’ ಅಂದರು. ನನ್ನ ಹತ್ತಿರ ಆ ವಾಕ್ಯ ಬಿಟ್ಟರೆ ಬೇರೇನೂ ಇರಲಿಲ್ಲ ಪುಟ್ಟಿ. ಎಲ್ಲವನ್ನೂ ಒಪ್ಪಲ್ಲವೋ, ಒಂದು ಭಾಗವನ್ನೋ, ಅದೂ ನನಗೆ ಗೊತ್ತಿರಲಿಲ್ಲ. ಏನೋ ತೊದಲಿ ಕೂತೆ. ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ನಿನ್ನ ಮೇಲ್ ನೋಡಿದಾಗ ಅದೇ ನೆನಪಾಯಿತು. ನಿನ್ನ ಹತ್ತಿರ ಕಾರಣ ಇದೆ, ಗಟ್ಟಿ ಕಾರಣ. ಎಲ್ಲವನ್ನೂ ಒಂದೇ ಸಲ ಹೊಸ ಪದ್ಧತಿಗೆ ಬದಲಾಯಿಸಿದರೆ, ಎಡವಟ್ಟಾದಾಗ ಹಳೆಯ ದಾಖಲೆ ಕೈಯಲ್ಲಿ ಇರುವುದಿಲ್ಲ ಅಂತ. ಆದರೆ ಅದು ನಾಲ್ಕನೇ ಪ್ಯಾರಾದಲ್ಲಿ ಮೂಲೆ ಸೇರಿದೆ. ಅವರು ಮೊದಲ ಸಾಲಿಗೇ ಸಿಟ್ಟಾದರು, ಅಲ್ಲಿವರೆಗೆ ಓದಿದರೋ ಇಲ್ಲವೋ. ‘ಬದಲಾಯಿಸುವುದಕ್ಕೆ ನನ್ನ ಒಪ್ಪಿಗೆ ಇದೆ, ಒಂದೇ ಸಲ ಮಾಡುವುದು ಮಾತ್ರ ಬೇಡ ಅನ್ನಿಸುತ್ತೆ, ಯಾಕಂದ್ರೆ’ ಅಂತ ಶುರು ಮಾಡಿದ್ದರೆ ನೀನು ಯಾವ ಗೆರೆಯ ಮೇಲೆ ನಿಂತಿದ್ದೀಯ ಅಂತ ತಕ್ಷಣ ತಿಳಿಯುತ್ತಿತ್ತು.

ನೋಡು, ಕನ್ನಡದಲ್ಲಿ ನಮಗೆ ಒಂದು ಅನುಕೂಲ ಇದೆ. ‘ನೀವು’ ಅಂದಾಗಲೇ ಮರ್ಯಾದೆ ಸಂದಾಯ ಆಯಿತು. ‘ಹಾಗಲ್ಲ ಅನ್ಸುತ್ತೆ ಸರ್’ ಅಂದರೆ ಮುಗಿಯಿತು. ಆ ‘ಅನ್ಸುತ್ತೆ’ಯೇ ಅರ್ಧ ಕೆಲಸ ಮಾಡುತ್ತದೆ. ಇಂಗ್ಲಿಷಿನವರಿಗೆ ಈಗ ಇರುವುದು ಒಂದೇ ಯೂ. ಹಾಗಾಗಿ ಮರ್ಯಾದೆಯನ್ನು ಪಕ್ಕದಲ್ಲಿ ಬೇರೆ ಮಾತಾಗಿ ಇಡಬೇಕು. ನಾವು ಏನು ಮಾಡುತ್ತೇವೆ ಅಂದರೆ, ಅಲ್ಲಿರುವುದರಲ್ಲಿ ಎಲ್ಲಕ್ಕಿಂತ ಉದ್ದದ್ದನ್ನೇ ಹುಡುಕಿ ತರುತ್ತೇವೆ. ಸುಮ್ನೆ ‘ಐ ಸೀ ಇಟ್ ಡಿಫರೆಂಟ್ಲಿ’ ಅಂದರೆ ಸಾಕು. ‘ಐ ಯಾಮ್ ಅಫ್ರೇಡ್ ಐ ಡೋಂಟ್ ಅಗ್ರೀ’ ಕೂಡ ನಡೆಯುತ್ತದೆ, ಅಲ್ಲಿ ಹೆದರಿಕೆ ಏನೂ ಇಲ್ಲ. ಬೆಗ್ ಟು ಡಿಫರ್ ಬೇಡವೇ ಬೇಡ ಅನ್ನಲ್ಲ. ಕಾರಣವನ್ನು ಬೆನ್ನಿಗೇ ಇಡುವ ಹಾಗಿದ್ದರೆ, ಮಾತು ಬಿಗಿಯಾಗೇ ಇರಲಿ ಅನ್ನಿಸಿದರೆ, ಬಳಸು.

ಲೆಕ್ಕ, ತಾರೀಖು ತಪ್ಪಿದ್ದರೆ ಮಾತ್ರ ಅದನ್ನು ತರಲೇಬೇಡ. ಅಲ್ಲಿ ಭಿನ್ನಾಭಿಪ್ರಾಯ ಎಲ್ಲಿಂದ ಬಂತು? ‘ಇದೊಂದು ಸಲ ನೋಡಿ’ ಅಂತ ಕಾಗದ ಮುಂದಿಟ್ಟರೆ ಆಯಿತು.

ನಿನ್ನ ಮೇಲ್‌ನ ಕೊನೆಯಲ್ಲಿ ‘ಲೆಟ್ ಅಸ್ ಅಗ್ರೀ ಟು ಡಿಸಗ್ರೀ’ ಅಂತ ಬೇರೆ ಇದೆ, ನಿಮ್ಮದು ನಿಮಗೆ ನಮ್ಮದು ನಮಗೆ ಅಂತ ಇದ್ದುಬಿಡೋಣ ಅಂದ ಹಾಗೆ. 1770ರಲ್ಲಿ ಇಂಗ್ಲೆಂಡಿನ ಧರ್ಮಬೋಧಕ ಜಾನ್ ವೆಸ್ಲಿ, ತೀರಿಹೋದ ಜೊತೆಗಾರ ಜಾರ್ಜ್ ವಿಟ್‌ಫೀಲ್ಡ್ ಅವರ ನೆನಪಿನ ಪ್ರವಚನದಲ್ಲಿ ಆ ಮಾತು ಬಳಸಿದ್ದರು. ಯಾರಿಗೆ ಮುಕ್ತಿ ಅಂತ ದೇವರು ಮೊದಲೇ ಬರೆದಿಟ್ಟಿದ್ದಾನಾ ಅನ್ನುವ ವಿಷಯದಲ್ಲಿ ಆ ಇಬ್ಬರಿಗೂ ವರ್ಷಗಟ್ಟಲೆ ತಿಕ್ಕಾಟ ನಡೆದಿತ್ತು. ಅಷ್ಟೆಲ್ಲ ಆದ ಮೇಲೆ ಬಂದ ಮಾತು ಅದು. ನೀನು ಮೊದಲ ಮೇಲ್‌ನಲ್ಲೇ ಹಾಗಂದರೆ ‘ಇನ್ನು ಮಾತು ಬೇಡ’ ಅಂತ ಕಿರಿಯಳೇ ಬಾಗಿಲು ಹಾಕಿದ ಹಾಗೆ. ಆ ಸಾಲು ತೆಗೆದುಬಿಡು. ನಾಲ್ಕನೇ ಪ್ಯಾರಾ ಮೇಲಕ್ಕೆ ತಂದು, ಆಗುವುದಾದರೆ ನಾಳೆಯೇ, ಮತ್ತೊಂದು ಮೇಲ್ ಕಳಿಸು. ಸಾಧ್ಯವಾದರೆ ಮೇಲ್ ಬಿಟ್ಟು ಎದುರು ಕೂತೇ ಮಾತಾಡು.

ಈ ಪತ್ರವನ್ನು ನಿಮ್ಮತ್ತೆಗೆ ಓದಿ ಹೇಳಿದೆ. ಉದ್ದ ಜಾಸ್ತಿ ಆಯ್ತು, ಮಗುವಿಗೆ ಇಷ್ಟೆಲ್ಲ ಉಪದೇಶ ಯಾಕೆ ಅಂದಳು. ನಾನು ಒಪ್ಪಲಿಲ್ಲ. ಅವಳೂ ಒಪ್ಪಲಿಲ್ಲ. ಉತ್ತರ ಬರಿ.

ನಿನ್ನ,
ಮಾವ