ವಾರಕ್ಕೊಮ್ಮೆ ಬಂದರೆ ಸಾಲದು

ಮಾನ್ಯರೇ,

ಒಂಬತ್ತು ವರ್ಷದ ನನ್ನ ಮಗಳಿಗೆ ಡಿಸ್‌ಲೆಕ್ಸಿಯಾ, ಅಂದರೆ ಓದು-ಬರಹ ಕಷ್ಟವಾಗುವ ಕಲಿಕಾ ತೊಂದರೆ ಇದೆ. ಸಾಲಿನ ಕೆಳಗೆ ಸ್ಕೇಲಿಟ್ಟು, ಒಂದೊಂದೇ ಅಕ್ಷರಕ್ಕೆ ಬೆರಳೂರಿ ಓದುತ್ತಾಳೆ. ಲೆಕ್ಕವನ್ನು ಬಾಯಲ್ಲಿ ಕೇಳಿದರೆ ಥಟ್ಟನೆ ಉತ್ತರ ಕೊಡುತ್ತಾಳೆ. ಅದೇ ಲೆಕ್ಕ ಪರೀಕ್ಷೆಯಲ್ಲಿ ಬಂದರೆ ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ವಿಶೇಷ ಶಿಕ್ಷಕಿ ಬರುವುದು ವಾರಕ್ಕೊಮ್ಮೆ. ಆ ದಿನ ಮಗಳ ಮುಖದ ಕಳೆಯೇ ಬೇರೆ!

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಮಗುವಿಗೆ ಬೇಕಾದ ನೆರವು ಸಾಮಾನ್ಯ ಶಿಕ್ಷಣ ವ್ಯವಸ್ಥೆಯೊಳಗೇ ಸಿಗಬೇಕು ಎನ್ನುತ್ತದೆ. ಅದನ್ನು ಒಪ್ಪಿದ ಸರ್ಕಾರಗಳು ಪ್ರತಿ ಶಾಲೆಗೂ ಕಾಯಂ ವಿಶೇಷ ಶಿಕ್ಷಕರನ್ನು ನೇಮಿಸಲಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಪ್ರಶ್ನೆ ಓದಿ ಹೇಳುವವರು, ಇಷ್ಟಕ್ಕೆ ಪ್ರಮಾಣಪತ್ರ ಹಿಡಿದು ತಿಂಗಳುಗಟ್ಟಲೆ ಅಲೆಸಬೇಡಿ. ಅಷ್ಟರಲ್ಲಿ ಮಗುವಿನ ಒಂದು ವರ್ಷವೇ ಕಳೆದುಹೋಗುತ್ತದೆ.

– ಒಬ್ಬ ತಾಯಿ